635 ಕಂತುಗಳ ಸೋಲು: ಗನ್‌ಸ್ಮೋಕ್ ಬಗ್ಗೆ ಒಂದು ತಕರಾರು

ಅಮೆರಿಕದ ಕಾನ್ಸಾಸ್ ರಾಜ್ಯದ ವಿಚಿಟಾ ಊರಲ್ಲಿ ನನ್ನ ಅಕ್ಕನ ಮನೆ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 250 ಕಿಲೋಮೀಟರ್ ಹೋದರೆ ಡಾಡ್ಜ್ ಸಿಟಿ ಸಿಗುತ್ತದೆ. ಕಳೆದ ಸಲ ಹೋಗಿದ್ದಾಗ ಭಾವ ಪಟ್ಟು ಹಿಡಿದು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಗೋಧಿ ಹೊಲ, ಗಾಳಿ, ಮತ್ತೆ ಗೋಧಿ ಹೊಲ. ಒಂದು ದಿಬ್ಬವೂ ಕಾಣದಷ್ಟು ಚಪ್ಪಟೆ ನೆಲ. ಊರು ಮುಟ್ಟಿದ ಮೇಲೆ ಭಾವ ಒಂದು ಬೀದಿಯ ನಾಮಫಲಕದ ಕೆಳಗೆ ಕಾರು ನಿಲ್ಲಿಸಿ, ದೇವಸ್ಥಾನದ ಮುಂದೆ ನಿಂತವರಂತೆ ಕತ್ತೆತ್ತಿ ನೋಡಿದರು. 'ಗನ್‌ಸ್ಮೋಕ್ ಸ್ಟ್ರೀಟ್'. ಅದಕ್ಕೆ ಮೊದಲು ವಾಲ್ನಟ್ ಸ್ಟ್ರೀಟ್ ಎಂಬ ಹೆಸರಿತ್ತು. 1958ರಲ್ಲಿ ಊರಿನವರು ಟಿವಿ ಧಾರಾವಾಹಿಯ ಹೆಸರನ್ನು ಬೀದಿಗೆ ಇಟ್ಟುಕೊಂಡರು. ಒಂದು ಊರಿನ ಹೆಸರು ಹೇಳಿಕೊಂಡು ಕ್ಯಾಲಿಫೋರ್ನಿಯಾದಲ್ಲಿ ಚಿತ್ರೀಕರಿಸಿದ ಕತೆ, ಕೊನೆಗೆ ಆ ಊರಿನ ಬೀದಿಗೇ ಬಂದು ಕೂತಿತು.

"ನೋಡು ಮಾರಾಯ, ಸೀರಿಯಲ್ ಅಂದ್ರೆ ಇದು. ಇಪ್ಪತ್ತು ವರ್ಷ. 635 ಕಂತು. ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡಬಹುದು, ಒಂದು ಕೆಟ್ಟ ಮಾತಿಲ್ಲ" ಎಂದರು ಭಾವ. ಅವರು ದಿನಾ ಸಂಜೆ ಮರುಪ್ರಸಾರ ನೋಡುವವರು.

ಹಿಂದಿನ ಸೀಟಿನಲ್ಲಿದ್ದ ಅಕ್ಕನ ಮಗಳು ಕಾಲೇಜಿನಲ್ಲಿ ಇತಿಹಾಸ ಓದುತ್ತಿದ್ದಾಳೆ. ಅವಳು ಫೋನಿನಿಂದ ತಲೆ ಎತ್ತದೆಯೇ, "ಬಿಳಿಯರು ತಮಗೆ ತಾವೇ ಹೇಳಿಕೊಂಡ ಅಜ್ಜಿಕತೆ ಮಾಮ ಅದು. ಜಾಗ ಕಿತ್ತುಕೊಂಡವರು ಅದನ್ನೇ ಕಾನೂನು ಅಂತ ಕರೆದ್ರು, ಅಷ್ಟೇ" ಎಂದಳು.

ಅಪ್ಪ ಮಗಳ ಈ ಎರಡು ಮಾತು ಬಿಟ್ಟರೆ ಗನ್‌ಸ್ಮೋಕ್ ಬಗ್ಗೆ ಮೂರನೆಯ ಮಾತು ನನಗೆ ಹೆಚ್ಚಾಗಿ ಸಿಕ್ಕಿಲ್ಲ. ಒಬ್ಬರಿಗೆ ಅದು ಸುವರ್ಣಯುಗ, ಇನ್ನೊಬ್ಬರಿಗೆ ಕಸದ ಬುಟ್ಟಿ. ನನ್ನ ಜಗಳ ಇಬ್ಬರ ಜೊತೆಗೂ ಇದೆ. ಗನ್‌ಸ್ಮೋಕ್ ನಿಜಕ್ಕೂ ದೊಡ್ಡ ಕೃತಿ. ಆದರೆ ಅದು ದೊಡ್ಡದಾಗಿದ್ದದ್ದು ಚಿಕ್ಕದಾಗಿದ್ದಾಗ. ರೇಡಿಯೋದಲ್ಲಿ ಅರ್ಧ ಗಂಟೆಯ ನಾಟಕವಾಗಿದ್ದಾಗ, ಮತ್ತು ಟಿವಿಗೆ ಬಂದ ಮೊದಲ ಕೆಲವು ವರ್ಷ. ಆಮೇಲಿನದ್ದನ್ನು ಜನ ಗೆಲುವು ಎನ್ನುತ್ತಾರೆ. ನನಗೆ ಕಾಣುವುದು ನಿಧಾನವಾಗಿ, ಯಾರಿಗೂ ನೋವಾಗದಂತೆ ನಡೆದ ಒಂದು ಶರಣಾಗತಿ.

ಮೊದಲಿನಿಂದ ಹೇಳುತ್ತೇನೆ. 1940ರ ದಶಕದ ಕೊನೆಯಲ್ಲಿ ಸಿಬಿಎಸ್ ಸಂಸ್ಥೆಯ ಮುಖ್ಯಸ್ಥ ವಿಲಿಯಂ ಪೇಲಿಗೆ ಒಂದು ಆಸೆ ಹುಟ್ಟಿತು. ರೇಮಂಡ್ ಚಾಂಡ್ಲರ್ ಸೃಷ್ಟಿಸಿದ ಪತ್ತೇದಾರ ಫಿಲಿಪ್ ಮಾರ್ಲೋನ ರೇಡಿಯೋ ನಾಟಕಗಳು ಆತನಿಗೆ ಬಹಳ ಇಷ್ಟ. ಆ ಬಗೆಯ ದಣಿದ, ಒರಟು, ಒಳಗೊಳಗೇ ಒಂಟಿಯಾದ ಮನುಷ್ಯನನ್ನು ಕುದುರೆ ಹತ್ತಿಸಿದರೆ ಹೇಗೆ? 1949ರಲ್ಲಿ ಎರಡು ಮಾದರಿ ಕಂತುಗಳು ತಯಾರಾದವು. ಅವುಗಳಲ್ಲಿ ಒಂದರ ನಾಯಕ ಹೋವರ್ಡ್ ಕಲ್ವರ್. ಆತ ಆಗಲೇ ಬೇರೊಂದು ಕೌಬಾಯ್ ನಾಟಕದ ಒಪ್ಪಂದದಲ್ಲಿ ಸಿಕ್ಕಿಕೊಂಡಿದ್ದರಿಂದ ಯೋಜನೆ ಕಪಾಟು ಸೇರಿತು. (ಈ ಕಲ್ವರ್ ಮುಂದೆ ಟಿವಿಯ ಗನ್‌ಸ್ಮೋಕ್‌ನಲ್ಲಿ ಹೋಟೆಲಿನ ಗುಮಾಸ್ತನಾಗಿ ವರ್ಷಗಟ್ಟಲೆ ಕಾಣಿಸಿಕೊಂಡ. ಮಾರ್ಷಲ್ ಆಗಬೇಕಿದ್ದವನು ಮಾರ್ಷಲ್‌ಗೆ ರೂಮಿನ ಕೀಲಿಕೈ ಕೊಡುತ್ತಾ ನಿಂತದ್ದನ್ನು ನೋಡಿದಾಗಲೆಲ್ಲ ನನಗೆ ಪಾಪ ಅನ್ನಿಸುತ್ತದೆ.) ಮೂರು ವರ್ಷದ ನಂತರ ನಿರ್ಮಾಪಕ ನಾರ್ಮನ್ ಮ್ಯಾಕ್‌ಡೊನೆಲ್ ಮತ್ತು ಬರಹಗಾರ ಜಾನ್ ಮೆಸ್ಟನ್ ಸೇರಿ ಅದನ್ನು ಹೊರಗೆ ತೆಗೆದರು. 1952ರ ಏಪ್ರಿಲ್ 26ರಂದು ಮೊದಲ ಪ್ರಸಾರ. ಶುರುವಿನಲ್ಲಿ ಅದಕ್ಕೆ ಪ್ರಾಯೋಜಕರೇ ಇರಲಿಲ್ಲ. ಸೋಪು ಮಾರುವವನನ್ನೂ ಸಿಗರೇಟು ಮಾರುವವನನ್ನೂ ಮೆಚ್ಚಿಸುವ ಅಗತ್ಯ ಇರಲಿಲ್ಲ ಎಂದರ್ಥ. ಆ ಸ್ವಾತಂತ್ರ್ಯದಲ್ಲಿ ಅವರು ಏನು ಮಾಡಿದರು ಎನ್ನುವುದೇ ನನ್ನ ವಾದದ ಬೇರು.

ಆ ಹೊತ್ತಿಗೆ ರೇಡಿಯೋದ ಕೌಬಾಯ್ ಎಂದರೆ ಮಕ್ಕಳ ಸರಕು. ಲೋನ್ ರೇಂಜರ್ ಮುಖವಾಡ ಹಾಕಿ ಬರುತ್ತಾನೆ, ಕೆಟ್ಟವರನ್ನು ಹಿಡಿಯುತ್ತಾನೆ, ಬೆಳ್ಳಿಯ ಗುಂಡು ಬಿಟ್ಟು ಹೋಗುತ್ತಾನೆ. ಮೆಸ್ಟನ್‌ಗೆ ಇದೆಂದರೆ ಅಲರ್ಜಿ. ಅವನ ಮಾರ್ಷಲ್ ಮ್ಯಾಟ್ ಡಿಲನ್ ಅನೇಕ ಸಲ ತಡವಾಗಿ ಬರುತ್ತಾನೆ. ಕೆಲವು ಸಲ ತಪ್ಪು ಮನುಷ್ಯನನ್ನು ನಂಬುತ್ತಾನೆ. ಕೊಂದ ಮೇಲೆ ಅವನಿಗೆ ಹೊಟ್ಟೆ ತೊಳಸುತ್ತದೆ. ವಿಲಿಯಂ ಕಾನ್ರಾಡ್‌ನ ಆ ಕಂಠ ಕೇಳಬೇಕು ನೀವು. ನೆಲಮಾಳಿಗೆಯಿಂದ ಬಂದಂಥ ದನಿ, ಅದರಲ್ಲೊಂದು ಆಯಾಸ. ಡಾಕ್ಟರ್ ಆಡಮ್ಸ್ ಪಾತ್ರ ಮಾಡಿದ ಹೋವರ್ಡ್ ಮೆಕ್‌ನಿಯರ್‌ನ ಆರಂಭದ ಡಾಕ್ಟರ್ ಕೂಡ ಸಾಧು ಮುದುಕನಲ್ಲ. ಊರಲ್ಲಿ ಹೆಣ ಬಿದ್ದರೆ ಶವಪರೀಕ್ಷೆಯ ಶುಲ್ಕ ಲೆಕ್ಕ ಹಾಕಿ ಖುಷಿಪಡುವ ಆಸಾಮಿ. ಜಾರ್ಜಿಯಾ ಎಲ್ಲಿಸ್ ದನಿ ಕೊಟ್ಟ ಕಿಟ್ಟಿ ಸಲೂನಿನಲ್ಲಿ ದುಡಿಯುವ ಹೆಣ್ಣು. ಆ ದುಡಿಮೆ ಏನು ಎನ್ನುವುದನ್ನು ಮ್ಯಾಕ್‌ಡೊನೆಲ್ ಯಾವತ್ತೂ ಮುಚ್ಚಿಡಲಿಲ್ಲ, ಆಕೆ ವೇಶ್ಯೆ ಎಂದು ನೇರವಾಗಿಯೇ ಹೇಳಿದ್ದ. ಮ್ಯಾಟ್ ಆಕೆಯ ಹತ್ತಿರ ಹೋಗಿ ಕೂರುವುದು ಇಬ್ಬರೂ ಒಂಟಿ ಎಂಬ ಕಾರಣಕ್ಕೆ.

ಇನ್ನು ಸದ್ದು. ಟಾಮ್ ಹ್ಯಾನ್ಲಿ, ರೇ ಕೆಂಪರ್ ಎಂಬ ಧ್ವನಿ ಕಲಾವಿದರು ಹಲಗೆ ಹಾಸಿದ ಕಾಲುದಾರಿಯ ಮೇಲೆ ಒಬ್ಬ ಮನುಷ್ಯ ನಡೆಯುವ ಸದ್ದನ್ನು ಅವಸರವಿಲ್ಲದೆ ಕೇಳಿಸುತ್ತಾರೆ. ದೂರದಲ್ಲಿ ನಾಯಿ ಬೊಗಳುತ್ತದೆ. ಬಾಗಿಲು ಕಿರ್ರೆನ್ನುತ್ತದೆ. ಎಷ್ಟೋ ಹೊತ್ತು ಯಾರೂ ಮಾತಾಡುವುದಿಲ್ಲ. ರೇಡಿಯೋದಲ್ಲಿ ಮಾತಿಲ್ಲದೆ ಬಿಡುವುದಕ್ಕೆ ಎಂಥ ಧೈರ್ಯ ಬೇಕೆಂದು ಆಕಾಶವಾಣಿಯ ನಾಟಕ ಕೇಳಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ನಾನು ಈ ಹಳೆಯ ಧ್ವನಿಮುದ್ರಣಗಳನ್ನು ಒಂದು ಮಳೆಗಾಲದ ರಾತ್ರಿಗಳಲ್ಲಿ ಊರ ಮನೆಯಲ್ಲಿ ಕರೆಂಟಿಲ್ಲದೆ ಮಲಗಿ ಕೇಳಿದವನು. ಕಾನ್ಸಾಸ್ ಎಂದರೆ ನನಗೆ ಆಗ ಒಂದು ಬಗೆಯ ಗಾಳಿಯ ಸದ್ದು ಮಾತ್ರ ಆಗಿತ್ತು.

ಮೆಸ್ಟನ್ ಬರೆದ 'ದ ಕ್ಯಾಬಿನ್' ಎಂಬ ಕಂತು 1952ರ ಡಿಸೆಂಬರಿನಲ್ಲಿ ಪ್ರಸಾರವಾಯಿತು. ಹಿಮಗಾಳಿಗೆ ಸಿಕ್ಕಿ ಮ್ಯಾಟ್ ಒಂದು ಗುಡಿಸಲಿನ ಬಾಗಿಲು ತಟ್ಟುತ್ತಾನೆ. ಒಳಗೆ ಇಬ್ಬರು ಗಂಡಸರು, ಅವರ ಸೆರೆಯಲ್ಲಿ ಒಬ್ಬ ಹುಡುಗಿ. ಆಕೆಯ ಅಪ್ಪನನ್ನು ಕೊಂದವರು ಅವರೇ. ಅವರು ಆಕೆಗೆ ಏನು ಮಾಡಿದ್ದಾರೆ ಎಂದು ಕತೆ ಬಾಯಿಬಿಟ್ಟು ಹೇಳುವುದಿಲ್ಲ, ಹೇಳುವ ಅಗತ್ಯವೂ ಬೀಳುವುದಿಲ್ಲ. ಕೊನೆಗೆ ಮ್ಯಾಟ್ ಇಬ್ಬರನ್ನೂ ಕೊಲ್ಲುತ್ತಾನೆ. ಬೇರೆ ಯಾವ ಕೌಬಾಯ್ ಕತೆಯಾದರೂ ಇಲ್ಲಿಗೆ ಮುಗಿಯುತ್ತಿತ್ತು. ಮೆಸ್ಟನ್‌ನ ಕತೆ ಇಲ್ಲಿಂದ ಶುರುವಾಗುತ್ತದೆ. ತನಗೆ ಇನ್ನು ಸಂಸಾರ, ಮನೆ ಎಂಬುದು ಇಲ್ಲ, ಸಲೂನುಗಳ ದಾರಿಯೇ ಉಳಿದಿರುವುದು ಎಂದು ಆ ಹುಡುಗಿ ತೀರ್ಮಾನಿಸಿಬಿಟ್ಟಿದ್ದಾಳೆ. ಮ್ಯಾಟ್‌ಗೆ ಬಂದೂಕಿನಿಂದ ಮಾಡಬಹುದಾದ ಕೆಲಸ ಮುಗಿದಿದೆ. ಆಕೆಯ ಬದುಕಿಗೆ ಬೇಕಾದದ್ದು ಅವನ ಕೈಯಲ್ಲಿಲ್ಲ. ತಾನು ಮದುವೆಯಾಗುವ ಮನುಷ್ಯನಲ್ಲ ಎನ್ನುವುದನ್ನು ಬಿಟ್ಟರೆ ಅವನಲ್ಲಿ ಹೇಳುವುದಕ್ಕೂ ಏನಿಲ್ಲ. ಕಾನೂನು ಬಂದಿದೆ, ತಡವಾಗಿ ಬಂದಿದೆ, ಬಂದರೂ ಸಾಕಾಗಿಲ್ಲ. 25 ನಿಮಿಷದ ಕತೆ. ನಾನು ಓದಿದ ಎಷ್ಟೋ ಒಳ್ಳೆಯ ಸಣ್ಣಕತೆಗಳ ಪಕ್ಕ ಇದನ್ನು ನಾಚಿಕೆಯಿಲ್ಲದೆ ಇಡುತ್ತೇನೆ.

1955ರ ಸೆಪ್ಟೆಂಬರ್ 10ರಂದು ಗನ್‌ಸ್ಮೋಕ್ ಟಿವಿಗೆ ಬಂತು. ಮೊದಲ ಕಂತಿಗೆ ಮುನ್ನ ಜಾನ್ ವೇಯ್ನ್ ಪರದೆಯ ಮೇಲೆ ಬಂದು ಹೊಸ ನಾಯಕನನ್ನು ಪರಿಚಯಿಸಿದ. ನಾಯಕ ಜೇಮ್ಸ್ ಆರ್ನೆಸ್, ಆರು ಅಡಿ ಏಳು ಇಂಚು. ಮೂರು ವರ್ಷ ಈ ಪಾತ್ರಗಳಿಗೆ ಜೀವ ಕೊಟ್ಟ ಕಾನ್ರಾಡ್, ಪಾರ್ಲಿ ಬೇರ್, ಮೆಕ್‌ನಿಯರ್, ಜಾರ್ಜಿಯಾ ಎಲ್ಲಿಸ್, ಈ ನಾಲ್ವರಲ್ಲಿ ಒಬ್ಬರಿಗೂ ಟಿವಿಯಲ್ಲಿ ಆ ಪಾತ್ರ ಸಿಗಲಿಲ್ಲ. ಕಾನ್ರಾಡ್ ದಪ್ಪ, ಕುಳ್ಳ. ಕಿವಿಗೆ ಸಾಕಾಗಿದ್ದ ಮನುಷ್ಯ ಕಣ್ಣಿಗೆ ಸಾಲಲಿಲ್ಲ. 1961ರವರೆಗೂ ರೇಡಿಯೋದಲ್ಲಿ ಅದೇ ನಾಲ್ವರು, ಟಿವಿಯಲ್ಲಿ ಬೇರೆ ನಾಲ್ವರು, ಹೀಗೆ ಎರಡು ಡಾಡ್ಜ್ ಸಿಟಿಗಳು ಒಟ್ಟೊಟ್ಟಿಗೆ ನಡೆದವು.

ಇಲ್ಲೊಂದು ತಮಾಷೆ ಹೇಳದೆ ಮುಂದೆ ಹೋಗಲಾರೆ. ಆರ್ನೆಸ್ ಎರಡನೇ ಮಹಾಯುದ್ಧದಲ್ಲಿ ಇಟಲಿಯ ಆಂಜಿಯೋದಲ್ಲಿ ಕಾಲಿಗೆ ಗುಂಡು ತಿಂದಿದ್ದ ಸೈನಿಕ. ಆ ಕಾಲಿನ ನೋವು ಅವನನ್ನು ಜೀವನಪೂರ್ತಿ ಕಾಡಿತು. ಅವನ ಸಹಾಯಕ ಚೆಸ್ಟರ್ ಪಾತ್ರದ ಡೆನಿಸ್ ವೀವರ್ 1948ರ ಒಲಿಂಪಿಕ್ಸ್ ತಂಡದ ಆಯ್ಕೆಗೆ ಡೆಕಾಥ್ಲಾನ್‌ನಲ್ಲಿ ಸ್ಪರ್ಧಿಸಿದ್ದ ಓಟಗಾರ. ಪರದೆಯ ಮೇಲೆ ಕುಂಟಿದವನು ವೀವರ್! ಗಾಯಗೊಂಡವನು ನೆಟ್ಟಗೆ ನಡೆಯಬೇಕು, ಗಟ್ಟಿಮುಟ್ಟಾದವನು ಕುಂಟಬೇಕು. ನಾಯಕ ಎಂದರೆ ಹೇಗಿರಬೇಕೆಂಬ ಟಿವಿಯ ಕಲ್ಪನೆಗೆ ಇದಕ್ಕಿಂತ ಬೇರೆ ಪುರಾವೆ ನನಗೆ ಬೇಡ.

ಆದರೂ ಮೊದಲ ವರ್ಷಗಳು ಚೆನ್ನಾಗಿದ್ದವು. ಕಾರಣ ಸರಳ, ಕತೆ ಮೆಸ್ಟನ್‌ನದೇ. ಪ್ರಸಾರವಾದ ಮೊಟ್ಟಮೊದಲ ಟಿವಿ ಕಂತಿನಲ್ಲಿ ಮ್ಯಾಟ್ ಎದುರಾಳಿಯ ಗುಂಡಿಗೆ ಬಿದ್ದುಬಿಡುತ್ತಾನೆ. ಊಹಿಸಿಕೊಳ್ಳಿ, ಜಾನ್ ವೇಯ್ನ್ ಬಂದು ಹೊಗಳಿ ಹೋದ ಕೆಲವೇ ನಿಮಿಷದಲ್ಲಿ ನಾಯಕ ಸೋಲುತ್ತಾನೆ. ಮುಂದೆ 'ದ ವೈಲ್ಡ್ ಬಂಚ್' ನಿರ್ದೇಶಿಸಿದ ಸ್ಯಾಮ್ ಪೆಕಿನ್‌ಪಾ ಆಗ ಹೊಸ ಹುಡುಗ. ಮೆಸ್ಟನ್‌ನ ರೇಡಿಯೋ ಕತೆಗಳನ್ನು ಟಿವಿಗೆ ಒಗ್ಗಿಸುತ್ತಾ ಅವನು ಚಿತ್ರಕತೆ ಕಲಿತ. ಹಾಗೆ ಬಂದ 'ದ ಕ್ಯೂ' ಕಂತಿನಲ್ಲಿ ಡಾಡ್ಜ್‌ಗೆ ಬಂದ ಒಬ್ಬ ಚೀನೀ ಮನುಷ್ಯನ ಜಡೆಯನ್ನು ಕತ್ತರಿಸಿ ಅವಮಾನಿಸುತ್ತಾರೆ. ಆ ಜಡೆ ಹೋದರೆ ಅವನಿಗೆ ತನ್ನ ನಾಡಿನಲ್ಲೂ ಮುಖವಿಲ್ಲ. ಪಾತ್ರ ಮಾಡಿದವನು ಕೀ ಲೂಕ್, ಚೀನಾದಲ್ಲಿ ಹುಟ್ಟಿದ ನಟ. 1955ರ ಅಮೆರಿಕದ ಟಿವಿಯಲ್ಲಿ ಇದು ಸಣ್ಣ ಮಾತಲ್ಲ. 17 ವರ್ಷದ ನಂತರ ಶಾವೊಲಿನ್ ಸನ್ಯಾಸಿಯನ್ನೇ ನಾಯಕನನ್ನಾಗಿಸಿದ 'ಕುಂಗ್ ಫೂ' ಎಂಬ ವೆಸ್ಟರ್ನ್ ಧಾರಾವಾಹಿ ಬಂದಾಗ ನಾಯಕನ ಪಾತ್ರ ಡೇವಿಡ್ ಕ್ಯಾರಡೀನ್‌ಗೆ ಹೋಯಿತು, ಕೀ ಲೂಕ್‌ಗೆ ಸಿಕ್ಕಿದ್ದು ಕುರುಡು ಗುರುವಿನ ಪಾತ್ರ. ಕಾಲ ಮುಂದೆ ಹೋದಂತೆ ಟಿವಿಯೂ ಮುಂದೆ ಹೋಗುತ್ತದೆ ಎನ್ನುವವರು ಇದನ್ನೊಮ್ಮೆ ಯೋಚಿಸಬೇಕು.

ಕುಸಿತ ಎಲ್ಲಿಂದ? ಯಶಸ್ಸಿನಿಂದಲೇ. 1957ರಿಂದ 1961ರವರೆಗೆ ನಾಲ್ಕು ವರ್ಷ ಗನ್‌ಸ್ಮೋಕ್ ದೇಶದಲ್ಲೇ ಅತಿ ಹೆಚ್ಚು ಜನ ನೋಡುವ ಕಾರ್ಯಕ್ರಮವಾಯಿತು. 1958-59ರಲ್ಲಿ ಮೊದಲ ಹತ್ತು ಕಾರ್ಯಕ್ರಮಗಳಲ್ಲಿ ಏಳು ವೆಸ್ಟರ್ನ್‌ಗಳು. 1961ರಲ್ಲಿ ಅರ್ಧ ಗಂಟೆಯ ಕಂತನ್ನು ಒಂದು ಗಂಟೆಗೆ ಎಳೆದರು. ಅರ್ಧ ಗಂಟೆಯಲ್ಲಿ ಮೌನ ಒಂದು ಶಕ್ತಿ, ಒಂದು ಗಂಟೆಯಲ್ಲಿ ಅದು ಬೇಸರ. ಹಾಗಾಗಿ ಮೌನ ಇದ್ದಲ್ಲಿ ಹಾಸ್ಯ ತುಂಬಿದರು. 1966ರಲ್ಲಿ ಬಣ್ಣ ಬಂತು, ಬಣ್ಣದ ಜೊತೆ ಒಗೆದು ಇಸ್ತ್ರಿ ಮಾಡಿದ ಅಂಗಿಗಳು ಬಂದವು. ಆ ದಶಕದ ಮಧ್ಯದ ಹೊತ್ತಿಗೆ ಮ್ಯಾಕ್‌ಡೊನೆಲ್ ಹೊರಗೆ ಹೋಗಿದ್ದ, ಮೆಸ್ಟನ್ ಕೂಡ. ಒಳಗೆ ಉಳಿದದ್ದು ಹೆಸರು, ಟೋಪಿ ಮತ್ತು ಆರು ಅಡಿ ಏಳು ಇಂಚು.

ಕಿಟ್ಟಿಗೆ ಏನಾಯಿತು ನೋಡಿ, ಉಳಿದದ್ದೆಲ್ಲ ಅರ್ಥವಾಗುತ್ತದೆ. ಅಮಾಂಡಾ ಬ್ಲೇಕ್ ದೊಡ್ಡ ನಟಿ, ಅದರಲ್ಲಿ ಅನುಮಾನವಿಲ್ಲ. ಆದರೆ ಟಿವಿಯ ಕಿಟ್ಟಿ ಬೇಗನೆ ಲಾಂಗ್ ಬ್ರಾಂಚ್ ಸಲೂನಿನ ಪಾಲುದಾರಳಾದಳು, ಲೆಕ್ಕಪತ್ರ ನೋಡುವ ಗೌರವಸ್ಥೆಯಾದಳು. ಮಹಡಿಯ ಮೇಲಿನ ಕೋಣೆಗಳಲ್ಲಿ ಏನು ನಡೆಯುತ್ತದೆ ಎಂದು ಯಾರೂ ಕೇಳಲಿಲ್ಲ. 'ದ ಕ್ಯಾಬಿನ್' ಕತೆಯ ಹುಡುಗಿ ಯಾವ ಬಾಗಿಲಿನ ಕಡೆ ಹೆಜ್ಜೆ ಹಾಕಿದಳೋ ಆ ಬಾಗಿಲಿಗೆ ಒಂದು ಚಂದದ ಪರದೆ ಇಳಿಬಿಟ್ಟರು. ಮ್ಯಾಟ್ ಮತ್ತು ಕಿಟ್ಟಿ ಸುಮಾರು ಎರಡು ದಶಕ ಒಂದೇ ಮೇಜಿನಲ್ಲಿ ಕೂತು ಬಿಯರ್ ಕುಡಿದರು. ಮದುವೆ ಆಗಲಿಲ್ಲ, ಬಿಡಲೂ ಇಲ್ಲ. 1974ರಲ್ಲಿ ಬ್ಲೇಕ್ ಸಾಕಪ್ಪಾ ಎಂದು ಬಿಟ್ಟು ಹೋದಳು. ಕೊನೆಯ ವರ್ಷ ಕಿಟ್ಟಿ ಇಲ್ಲದೆಯೇ ನಡೆಯಿತು.

ಭಾವನ "ಒಂದು ಕೆಟ್ಟ ಮಾತಿಲ್ಲ" ಎಂಬ ಹೊಗಳಿಕೆಗೆ ನನ್ನ ಉತ್ತರ ಇಲ್ಲಿದೆ. ಈ ಶುಚಿತ್ವ ಯಾರೋ ಕಾಪಾಡಿಕೊಂಡು ಬಂದ ಸಂಸ್ಕಾರ ಅಲ್ಲ, ಸರಕು ಮಾರಲು ಅಡ್ಡ ಬಂದದ್ದನ್ನೆಲ್ಲ ಗುಡಿಸಿದ್ದರ ಫಲ. ಮನೆಮಂದಿಯೆಲ್ಲ ಕೂತು ನೋಡಿದ ಆ ಶುಚಿಯಾದ ಕಾರ್ಯಕ್ರಮದ ನಡುನಡುವೆ ಎಲ್ ಅಂಡ್ ಎಮ್ ಸಿಗರೇಟಿನ ಜಾಹೀರಾತು ಬರುತ್ತಿತ್ತು. ಕೊಲೆ ಇರಬಹುದು, ವಾರಕ್ಕೊಂದು ಹೆಣ ಬೀಳಬಹುದು, ಆದರೆ ಹೆಣ್ಣೊಬ್ಬಳು ಹೊಟ್ಟೆಪಾಡಿಗೆ ಏನು ಮಾಡುತ್ತಾಳೆ ಎಂದು ಹೇಳಬಾರದು. ಇದು ಯಾವ ಲೆಕ್ಕದ ಮರ್ಯಾದೆ? ಭಾವ ಈ ಮಾತಿಗೆ "ನಿನಗೆ ಎಲ್ಲದರಲ್ಲೂ ಹುಳುಕೇ ಕಾಣೋದು" ಎಂದರು. ಇರಬಹುದು.

1967ರ ಕತೆಯೂ ಇದನ್ನೇ ಹೇಳುತ್ತದೆ. ನೋಡುಗರು ಕಡಿಮೆಯಾಗಿ ಸಿಬಿಎಸ್ ಧಾರಾವಾಹಿಯನ್ನು ನಿಲ್ಲಿಸಿತು. ರಜೆಯಲ್ಲಿದ್ದ ಪೇಲಿಗೆ ಸುದ್ದಿ ಮುಟ್ಟಿ, ಆತ ಆ ತೀರ್ಮಾನವನ್ನು ತಿರುಗಿಸಿಬಿಟ್ಟ. ಶನಿವಾರದಿಂದ ಸೋಮವಾರಕ್ಕೆ ಬದಲಾವಣೆ. ಜಾಗ ಮಾಡಿಕೊಡಲು 'ಗಿಲಿಗನ್ಸ್ ಐಲ್ಯಾಂಡ್' ಬಲಿಯಾಯಿತು. ಮುಂದಿನ ವರ್ಷ ಗನ್‌ಸ್ಮೋಕ್ ಮತ್ತೆ ನಾಲ್ಕನೇ ಸ್ಥಾನಕ್ಕೆ ಏರಿತು. ಅಭಿಮಾನಿಗಳು ಇದನ್ನು ಪುನರ್ಜನ್ಮ ಎನ್ನುತ್ತಾರೆ. ನನಗೆ ಕಾಣುವುದು ಒಂದು ಹಳೆಯ ಮನೆಯನ್ನು ಹೋಟೆಲಾಗಿ ಪರಿವರ್ತಿಸಿದ್ದು. ನಂತರದ ವರ್ಷಗಳಲ್ಲಿ ಆರ್ನೆಸ್ ಎಷ್ಟೋ ಕಂತುಗಳಲ್ಲಿ ಮೊದಲಿಗೊಮ್ಮೆ ಬಂದು ಕೊನೆಗೊಮ್ಮೆ ಬರುತ್ತಾನೆ. ನಡುವೆ ಅತಿಥಿ ನಟರ ಕತೆ. ಕೆಲವು ಒಳ್ಳೆಯವೂ ಇವೆ, ಸುಳ್ಳು ಹೇಳಲಾರೆ. ಕೆನ್ ಕರ್ಟಿಸ್‌ನ ಫೆಸ್ಟಸ್ ಪಾತ್ರ ನನಗೂ ಇಷ್ಟ. ಆದರೆ ಮುಖ್ಯ ಸಂಗತಿ ತಲೆಕೆಳಗಾಗಿತ್ತು. ಮೊದಲು ಕಾನೂನು ತಡವಾಗಿ ಬರುವ ಕತೆ ಇದಾಗಿತ್ತು. ಈಗ ಮಾರ್ಷಲ್ ಹೊತ್ತಿಗೆ ಸರಿಯಾಗಿ ಬಂದೇ ಬರುತ್ತಾನೆ ಎಂದು ಎಲ್ಲರಿಗೂ ಗೊತ್ತು.

ಇನ್ನು ಅಕ್ಕನ ಮಗಳ ಮಾತು. ಅದರ ಮುಕ್ಕಾಲು ಪಾಲು ನಾನು ಒಪ್ಪುತ್ತೇನೆ, ಅವಳಿಗಿಂತ ಜೋರಾಗಿಯೇ ಹೇಳುತ್ತೇನೆ. ಡಾಡ್ಜ್ ಸಿಟಿ 1872ರಲ್ಲಿ ಹುಟ್ಟಿದ ಊರು. ರೈಲು ಬಂತು, ಕಾಡೆಮ್ಮೆಗಳನ್ನು ಸಾವಿರಗಟ್ಟಲೆ ಕೊಂದು ಅವುಗಳ ಚರ್ಮವನ್ನು ಅದೇ ರೈಲಿಗೆ ತುಂಬಿದರು. ಕಾಡೆಮ್ಮೆಯನ್ನೇ ನಂಬಿ ಬದುಕುತ್ತಿದ್ದ ಮೂಲನಿವಾಸಿಗಳ ಬೆನ್ನು ಮುರಿದದ್ದು ಹಾಗೆ. ಕಾಡೆಮ್ಮೆ ಮುಗಿದ ಮೇಲೆ ಟೆಕ್ಸಾಸ್‌ನಿಂದ ದನದ ಮಂದೆಗಳನ್ನು ಹೊಡೆದುಕೊಂಡು ಬಂದು ರೈಲಿಗೆ ಹತ್ತಿಸುವ ಊರಾಯಿತು. ಸುಮಾರು ಹತ್ತು ವರ್ಷ, 1885ರ ಹೊತ್ತಿಗೆ ಅದೂ ಮುಗಿಯಿತು. ರಾಬರ್ಟ್ ಡೈಕ್‌ಸ್ಟ್ರಾ ಎಂಬ ಇತಿಹಾಸಕಾರ 1968ರಲ್ಲಿ ಒಂದು ಪುಸ್ತಕ ಬರೆದ. ಡಾಡ್ಜ್ ಸೇರಿ ಕಾನ್ಸಾಸ್‌ನ ಐದು ದನದ ಪೇಟೆಗಳಲ್ಲಿ 1870ರಿಂದ 1885ರವರೆಗೆ ಅವನ ಲೆಕ್ಕಕ್ಕೆ ಸಿಕ್ಕ ಕೊಲೆಗಳು 45. ಐದೂ ಊರು ಸೇರಿ, 15 ವರ್ಷಕ್ಕೆ. ಟಿವಿಯ ಮ್ಯಾಟ್ ಡಿಲನ್ ಒಬ್ಬನೇ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಜನರನ್ನು ಮಲಗಿಸಿದ್ದಾನೆ. 1870ರ ದಶಕದ ಡಾಡ್ಜ್‌ನ ಫ್ರಂಟ್ ಸ್ಟ್ರೀಟಿನ ಒಂದು ಪ್ರಸಿದ್ಧ ಫೋಟೋ ಇದೆ. ಬೀದಿಯ ನಡುವೆ ಒಂದು ಹಲಗೆ, ಅದರ ಮೇಲೆ ಊರೊಳಗೆ ಬಂದೂಕು ಹಿಡಿದು ತಿರುಗುವುದು ಕಟ್ಟುನಿಟ್ಟಾಗಿ ನಿಷೇಧ ಎಂದು ಬರೆದಿದೆ. ಆ ಊರಿನ ಮಾರ್ಷಲ್‌ಗಳ ದಿನನಿತ್ಯದ ಕೆಲಸ ಕುಡಿದವರ ಕೈಯಿಂದ ಬಂದೂಕು ಇಸಿದುಕೊಳ್ಳುವುದು. ಆ ಊರಿನ ಹೆಸರು ಹೊತ್ತ ಧಾರಾವಾಹಿ ವರ್ಷಗಟ್ಟಲೆ ನಡುಬೀದಿಯ ಗುಂಡಿನ ಕಾಳಗದಿಂದ ಶುರುವಾಗುತ್ತಿತ್ತು! ಈ ಸುಳ್ಳಿನಲ್ಲಿ ರೇಡಿಯೋ ಆವೃತ್ತಿಯೂ ಪಾಲುದಾರ, ಅದನ್ನು ಬಚ್ಚಿಡುವುದಿಲ್ಲ.

ಕಪ್ಪು ಜನರ ವಿಷಯವೂ ಹಾಗೇ. ದನ ಹೊಡೆಯುವ ಕೌಬಾಯ್‌ಗಳಲ್ಲಿ ನಾಲ್ವರಲ್ಲಿ ಒಬ್ಬ ಕಪ್ಪು ಮನುಷ್ಯ ಎಂಬುದು ಇತಿಹಾಸಕಾರರ ಸಾಮಾನ್ಯ ಅಂದಾಜು. ಗುಲಾಮಗಿರಿಯಿಂದ ಬಿಡುಗಡೆಯಾದವರು 1877ರಲ್ಲಿ ಇದೇ ಕಾನ್ಸಾಸ್‌ನ ವಾಯವ್ಯದಲ್ಲಿ ನಿಕೊಡೆಮಸ್ ಎಂಬ ಊರನ್ನೇ ಕಟ್ಟಿಕೊಂಡರು. ಗುಲಾಮನಾಗಿ ಹುಟ್ಟಿದ ಬ್ಯಾಸ್ ರೀವ್ಸ್ 1875ರಿಂದ 32 ವರ್ಷ, ಈಗ ಒಕ್ಲಹೋಮ ಎಂದು ಕರೆಯುವ ಪ್ರದೇಶದಲ್ಲಿ ಡೆಪ್ಯುಟಿ ಮಾರ್ಷಲ್ ಆಗಿದ್ದ, 3,000ಕ್ಕೂ ಹೆಚ್ಚು ಜನರನ್ನು ಹಿಡಿದು ತಂದ ಎನ್ನುತ್ತಾರೆ. ನಿಜವಾದ ಮಾರ್ಷಲ್ ಒಬ್ಬನ ಕತೆ ಬೇಕಿದ್ದರೆ ಅದು ಕೈಯಳತೆಯಲ್ಲೇ ಇತ್ತು. ಗನ್‌ಸ್ಮೋಕ್‌ನ ಡಾಡ್ಜ್‌ನಲ್ಲಿ ಕಪ್ಪು ಮುಖ ಕಾಣುವುದಕ್ಕೇ ವರ್ಷಗಳು ಹಿಡಿದವು. ಕಂಡಾಗಲೂ ಅತಿಥಿಯಾಗಿ, ಒಂದು ವಾರದ ಮಟ್ಟಿಗೆ.

ಹಾಗಾದರೆ ಅವಳ ಜೊತೆ ನನ್ನ ಜಗಳ ಎಲ್ಲಿ? ಎಲ್ಲವನ್ನೂ ಒಂದೇ ಗೋಣಿಚೀಲಕ್ಕೆ ತುರುಕುವುದರಲ್ಲಿ. "ಪಶ್ಚಿಮದ ಪುರಾಣ" ಎಂಬ ಒಂದು ಪದ ಕಲಿತುಬಿಟ್ಟರೆ ಕೃತಿಯನ್ನು ನೋಡುವ, ಕೇಳುವ ಕೆಲಸವೇ ಬೇಡವಾಗುತ್ತದೆ. ಲೋನ್ ರೇಂಜರ್, ಮೆಸ್ಟನ್ನನ ಡಿಲನ್, 1970ರ ಡಿಲನ್ ಎಲ್ಲ ಒಂದೇ ಎಂದುಬಿಟ್ಟರೆ, ಆ ಪುರಾಣದ ಒಳಗೇ ಕೂತು ಅದರ ಜೊತೆ ಜಗಳವಾಡಿದ ಬರಹಗಾರನನ್ನು ಎರಡನೇ ಸಲ ಅಳಿಸಿದಂತೆ. ಮೊದಲ ಸಲ ಅಳಿಸಿದ್ದು ಟಿವಿ, ಎರಡನೇ ಸಲ ನಾವು. ಸಿಬಿಎಸ್‌ನ ಸಿಬ್ಬಂದಿ ಬರಹಗಾರರಲ್ಲಿ ಮೊದಲ ಹೆಣ್ಣು ಎನ್ನಿಸಿಕೊಂಡ ಕ್ಯಾಥ್ಲೀನ್ ಹೈಟ್ ಕೂಡ ಗನ್‌ಸ್ಮೋಕ್‌ಗೆ ಬರೆದವಳು, ಕಾನ್ಸಾಸ್‌ನಲ್ಲೇ ಬೆಳೆದವಳು. ಅವಳ ಹೆಸರನ್ನು ಭಾವನೂ ಕೇಳಿಲ್ಲ, ಮಗಳೂ ಕೇಳಿಲ್ಲ. ಆರಾಧಿಸುವವರಿಗೂ ಖಂಡಿಸುವವರಿಗೂ ಕಾಣುವುದು ಆರ್ನೆಸ್‌ನ ಎತ್ತರ ಒಂದೇ.

ಅದಕ್ಕೇ ಈ 635 ಎಂಬ ಸಂಖ್ಯೆಯ ಮೇಲೆ ನನಗೆ ಇಷ್ಟು ಸಿಟ್ಟು. ಗನ್‌ಸ್ಮೋಕ್ ಇತಿಹಾಸ ಎಂದು ಯಾವ ಲೇಖನ ತೆರೆದರೂ ಮೊದಲ ಸಾಲಿನಲ್ಲೇ ಅದು ಇರುತ್ತದೆ. 2018ರ ಏಪ್ರಿಲಿನಲ್ಲಿ 'ದ ಸಿಂಪ್ಸನ್ಸ್' ಆ ದಾಖಲೆ ಮುರಿದಾಗ ಮತ್ತೊಮ್ಮೆ ಎಲ್ಲರೂ ಎಣಿಸಿದರು. ನಮ್ಮಲ್ಲೂ ಸಾವಿರ ಕಂತು ಮುಟ್ಟಿದ ಧಾರಾವಾಹಿಯ ತಂಡ ಕೇಕ್ ಕತ್ತರಿಸುವ ಫೋಟೋ ಬರುತ್ತದೆ. ಆ ಫೋಟೋದಲ್ಲಿ ಸಂಭಾಷಣೆ ಬರೆದವರು ಎಲ್ಲಿ ನಿಂತಿದ್ದಾರೆ ಎಂದು ನಾನು ಪ್ರತಿ ಸಲ ಹುಡುಕುತ್ತೇನೆ. ಒಂದು ಕತೆ ಎಷ್ಟು ದಿನ ನಡೆಯಿತು ಎಂಬುದು ಅಂಗಡಿಯ ಲೆಕ್ಕ. ಅಂಗಡಿಯವನು ಅದನ್ನು ಹೇಳಿಕೊಳ್ಳಲಿ. ಸಾಹಿತ್ಯ ಓದುವ ಹುಡುಗ ಹುಡುಗಿಯರು ಅದನ್ನೇ ವಿಮರ್ಶೆ ಎಂದು ಯಾಕೆ ಒಪ್ಪಿಕೊಳ್ಳಬೇಕು? ರೇಡಿಯೋ ಗನ್‌ಸ್ಮೋಕ್ ಒಂಬತ್ತು ವರ್ಷ ನಡೆದು 1961ರ ಜೂನ್‌ನಲ್ಲಿ ನಿಂತಿತು. ಟಿವಿಯ ಇಪ್ಪತ್ತರ ಮುಂದೆ ಒಂಬತ್ತು ಚಿಕ್ಕದು, ಹಾಗಾಗಿ ಅದು ಬರೀ ಮುನ್ನುಡಿಯಾಯಿತು. ನನ್ನ ಲೆಕ್ಕದಲ್ಲಿ ಅದೇ ಪುಸ್ತಕ.

ಇಪ್ಪತ್ತು ವರ್ಷ ದುಡಿಸಿಕೊಂಡ ಸಂಸ್ಥೆ ಕೊನೆಗೆ ಮಾಡಿದ್ದೇನು? 1975ರ ವಸಂತದಲ್ಲಿ ಸದ್ದಿಲ್ಲದೆ ನಿಲ್ಲಿಸಿತು. ಮಾರ್ಚ್ 31ಕ್ಕೆ ಕೊನೆಯ ಹೊಸ ಕಂತು. ವಿದಾಯದ ಕಂತು ಎಂದು ಒಂದನ್ನೂ ಮಾಡಲಿಲ್ಲ. ಮುಂದಿನ ವರ್ಷವೂ ಇದ್ದೇ ಇರುತ್ತದೆ ಎಂದುಕೊಂಡಿದ್ದ ನಟರಿಗೆ ಸುದ್ದಿ ಹೊರಗಿನಿಂದ ಗೊತ್ತಾಯಿತು. ಕಾನ್ರಾಡ್ ಅಷ್ಟೊತ್ತಿಗೆ 'ಕ್ಯಾನನ್' ಎಂಬ ಪತ್ತೇದಾರಿ ಧಾರಾವಾಹಿಯಲ್ಲಿ ತನ್ನ ದಪ್ಪ ಮೈ ಹೊತ್ತುಕೊಂಡೇ ನಾಯಕನಾಗಿದ್ದ. ನಡುವೆ ಒಂದೆರಡು ಟಿವಿ ಗನ್‌ಸ್ಮೋಕ್ ಕಂತುಗಳನ್ನು ನಿರ್ದೇಶಿಸಿಯೂ ಇದ್ದ. ತನ್ನ ಪಾತ್ರವನ್ನು ಇನ್ನೊಬ್ಬ ಹೇಗೆ ಮಾಡಬೇಕೆಂದು ಕ್ಯಾಮೆರಾದ ಹಿಂದೆ ನಿಂತು ಹೇಳಿಕೊಡುವಾಗ ಅವನಿಗೆ ಏನನ್ನಿಸಿರಬಹುದು?

ಡಾಡ್ಜ್‌ನಿಂದ ವಾಪಸಾಗುವಾಗ ಕತ್ತಲಾಗಿತ್ತು. ಭಾವ, ಇವತ್ತು ಇಡೀ ದಿನ ನಿನ್ನ ಭಾಷಣ ಕೇಳಿದ್ದಾಯ್ತು, ಆ ರೇಡಿಯೋನಾದ್ರೂ ಕೇಳಿಸು ಎಂದರು. ಫೋನಿನಿಂದ 'ದ ಕ್ಯಾಬಿನ್' ಹಾಕಿದೆ. ಹೊರಗೆ ಕಾನ್ಸಾಸ್‌ನ ನಿಜವಾದ ಗಾಳಿ ಕಾರಿನ ಕಿಟಕಿಗೆ ಬಡಿಯುತ್ತಿತ್ತು, ಒಳಗೆ 1952ರ ಗಾಳಿ. ಸ್ವಲ್ಪ ಹೊತ್ತಿಗೆ ಯಾವುದು ಯಾವುದೆಂದು ತಿಳಿಯದಾಯಿತು. ಹಿಂದಿನ ಸೀಟಿನಲ್ಲಿ ಫೋನಿನ ಬೆಳಕು ಆರಿದ್ದನ್ನು ಕನ್ನಡಿಯಲ್ಲಿ ಗಮನಿಸಿದೆ.

ಕತೆ ಮುಗಿದು ಹತ್ತು ಹನ್ನೆರಡು ಮೈಲಿ ಯಾರೂ ಮಾತಾಡಲಿಲ್ಲ.

"ಇದು ಟಿವೀಲೂ ಬಂದಿತ್ತು. ನೋಡಿದ್ದೇನೆ" ಎಂದರು ಭಾವ. ಮತ್ತೆ ಸ್ವಲ್ಪ ಬಿಟ್ಟು, "ಆದ್ರೆ ಇಷ್ಟು ಚಳಿ ಆಗಿರಲಿಲ್ಲ."

"ಆ ಹುಡುಗಿ ಆಮೇಲೆ ಏನಾದ್ಳು ಮಾಮ?"

ಮೆಸ್ಟನ್ ಬರೆದಿಲ್ಲ ಎಂದೆ. ಇನ್ನೊಂದು ಹಾಕು ಎಂದಳು.